ಲೋಕೋದ್ಧಾರನ ಪ್ರಾಕ್ಟಿಕಲ್ಲು

ಎಲ್ಲ ಅನಾಹುತಕ್ಕೂ ಮೂಲ ಒಂದು ಚಾರ್ಜರು. ಲೋಕೋದ್ಧಾರ ಫೋನಿಗೆ ಚುಚ್ಚಿಟ್ಟು ಮಲಗಿದ್ದನ್ನು ರೂಮ್‌ಮೇಟು ಕಿತ್ತು ತನ್ನ ಗಡ್ಡದ ಮಿಷನ್ನಿಗೆ ಸಿಕ್ಕಿಸಿಕೊಂಡಿದ್ದ. ಬೆಳಗ್ಗೆ ಪ್ರೊಫೆಸರ್ ಮೇಡಂ ಮೆಸೇಜು ಬಂತು. 'ಪ್ರಾಕ್ಟಿಕಲ್ ಪರೀಕ್ಷೆ. ನೀರಿನ ಟ್ಯಾಂಕಿನ ಹಿಂದಿನ ಗಲ್ಲಿ' ಎಂಬಲ್ಲಿಯವರೆಗೆ ಓದುವಷ್ಟರಲ್ಲಿ ಫೋನು ಕಣ್ಣು ಮುಚ್ಚಿತು.

ಲೋಕೋದ್ಧಾರ ಎಂಬುದು ಸೋದರಮಾವ ಇಟ್ಟ ಹೆಸರು. ಹುಡುಗ ಅಂತಾರಾಷ್ಟ್ರೀಯ ಅಭಿವೃದ್ಧಿಯಲ್ಲಿ ಎಂ.ಎ. ಕೊನೇ ವರ್ಷ. ಎರಡು ವರ್ಷ ಓದಿದ ಮೇಲೆ ಅವನಿಗೂ ಮನೆಯವರಿಗೂ ನಡುವೆ ಅಂತರವೊಂದು ಚೆನ್ನಾಗಿ ಅಭಿವೃದ್ಧಿಯಾಗಿತ್ತು. ಈ ಪ್ರಾಕ್ಟಿಕಲ್ ಪಾಸಾದರೆ ಹೊರದೇಶದ ಸಂಸ್ಥೆಯೊಂದರಲ್ಲಿ ಕೆಲಸ ಕಾದಿತ್ತು. ಫೇಲಾದರೆ ಮಾವನ ನಲ್ಲಿ-ಪೈಪಿನ ಅಂಗಡಿ. ಪ್ರತಿ ರಜೆಯಲ್ಲೂ ಅಲ್ಲಿ ಪೈಪು ಹೊತ್ತು, ವಾಲ್ವು ತಿರುಗಿಸಿ ಅವನ ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ಭವಿಷ್ಯ ಕೇಳೋಣವೆಂದರೆ ತೋರಿಸಲು ಕೈಯೂ ಇರಲಿಲ್ಲ.

ಪ್ರಾಕ್ಟಿಕಲ್ ಅಂದರೆ ಒಂದು ಬಗೆಯ ನಾಟಕ. ವಿಭಾಗದವರು ಎಲ್ಲೋ ಒಂದು ಸುಳ್ಳು ಸಂಕಟ ಹುಟ್ಟಿಸುತ್ತಾರೆ, ಜನ ಕಷ್ಟದಲ್ಲಿರುವಂತೆ ನಟಿಸುತ್ತಾರೆ. ವಿದ್ಯಾರ್ಥಿ ಅವರ ನಡುವೆ ಹೋಗಿ ಕಷ್ಟ ಕೇಳಬೇಕು, ಪರೀಕ್ಷಕರು ಮರೆಯಲ್ಲಿ ನಿಂತು ನೋಡುತ್ತಾರೆ. ಇಂಥ ಜನಕ್ಕೆ ಪುಸ್ತಕದಲ್ಲಿ ಫಲಾನುಭವಿಗಳು ಅನ್ನುತ್ತಾರೆ. ಫಲ ಬೇರೆಯವರಿಗೆ, ಅನುಭವ ಇವರಿಗೆ.

ಗಲ್ಲಿಯಲ್ಲಿ ಒಣಗಿದ ನಲ್ಲಿಯ ಸುತ್ತ ಖಾಲಿ ಕೊಡಗಳ ಜೊತೆ ಜನ ಕೂತಿದ್ದರು. ಒಬ್ಬ ಅಜ್ಜಿ ಅಳುತ್ತಿದ್ದಳು. ಲೋಕೋದ್ಧಾರ ಹತ್ತಾರು ಜೇಬಿನ ಅಂಗಿಯಿಂದ ಪೆನ್ನು ಹುಡುಕಿ ತೆಗೆದ.

"ಈ ಸಮುದಾಯದಲ್ಲಿ ಪಾಲುದಾರರು ಯಾರ್‍ಯಾರು?"

"ಪಾಲಾಗಿ ವರ್ಷ ಆಯ್ತು," ಎಂದ ಬನಿಯನ್ ತೊಟ್ಟ ದಪ್ಪ ಮನುಷ್ಯ. "ಆ ಮನೆ ನಮ್ಮಣ್ಣಂದು, ಇದು ನಂದು. ಅವನ ಸುದ್ದಿ ಮಾತ್ರ ಎತ್ತಬೇಡ."

"ಅಜ್ಜಿ, ನೀರಿಲ್ಲದೆ ನಿಮಗೆ ಏನನ್ಸತ್ತೆ?"

"ಬಾಯಾರಿಕೆ ಅನ್ಸತ್ತೆ."

ಲೋಕೋದ್ಧಾರ ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಅಳು ತುಂಬ ಸಹಜವಾಗಿದೆ ಅಜ್ಜಿ. ಒಂಚೂರು ಕಮ್ಮಿ ನಟಿಸಿದ್ರೂ ನಡೆಯತ್ತೆ."

ಅಜ್ಜಿಯ ಅಳು ನಿಂತಿತು. "ಬನ್ರೇ ಇಲ್ಲಿ. ನನ್ನ ಗಂಟಲು ಒಣಗಿರೋದು ನಾಟಕ ಅಂತೆ."

ಒಂದು ಕೊಡ ಅವನ ತಲೆಯ ಮೇಲೆ ಬಿತ್ತು. ಖಾಲಿಯಿದ್ದದ್ದೇ ಪುಣ್ಯ. ಎಂಥ ನಟನೆ ಎಂದು ಅವನು ಬುಗುಟು ಸವರಿಕೊಂಡು ಮೆಚ್ಚುತ್ತಿದ್ದಾಗ ಸಹಪಾಠಿ ಫುಟ್‌ನೋಟು ಸ್ಕೂಟರಿನಲ್ಲಿ ಬಂದ. ಅವನು ತರಗತಿಗೇ ಮೊದಲಿಗ. ಮಾತಾಡುವಾಗಲೂ ಪುಟಸಂಖ್ಯೆ ಹೇಳುವವನಾದ್ದರಿಂದ ಆ ಅಡ್ಡಹೆಸರು.

"ಲೋ, ಇಲ್ಲೇನೋ ಮಾಡ್ತಿದೀಯಾ? ಪ್ರಾಕ್ಟಿಕಲ್ ಮೈದಾನದಲ್ಲಿ ಕಣೋ. ಟೆಂಟ್ ಹಾಕಿದಾರೆ, ಎಲ್ಲಾ ಅಲ್ಲೇ ಇದಾರೆ."

"ಮೆಸೇಜಲ್ಲಿ ಗಲ್ಲಿ ಅಂತಿತ್ತು."

"ಪೂರ್ತಿ ಓದಿದ್ಯಾ?"

ಇಲ್ಲ. ಗಲ್ಲಿ ದಾಟಿ ಮೈದಾನಕ್ಕೆ ಬನ್ನಿ ಅಂತಿದ್ದಿರಬೇಕು. "ನನ್ನೂ ಕೂರಿಸ್ಕೊಳೋ."

"ಹಿಂದೆ ಚಾರ್ಟ್ ಕೂತಿದಾವಲ್ಲೋ," ಎಂದು ಫುಟ್‌ನೋಟು ಹೊರಟೇಹೋದ.

ಹಾಗಾದರೆ ಈ ಜನ ನಿಜ, ಈ ಅಳು ನಿಜ, ಬುಗುಟಂತೂ ಮೊದಲಿನಿಂದಲೂ ನಿಜ. ತಡವಾಗಿ ಹೋದವರನ್ನು ಮೇಡಂ ಒಳಗೆ ಬಿಡುವುದಿಲ್ಲ. ವಿಮಾನದ ಕಿಟಕಿ ಸೀಟು ಕಣ್ಣೆದುರೇ ಕರಗಿ ಮಾವನ ಅಂಗಡಿಯ ಸ್ಟೂಲಾಯಿತು. ಲೋಕೋದ್ಧಾರ ಚರಂಡಿ ಕಟ್ಟೆಯ ಮೇಲೆ ಕುಸಿದು ಅಳತೊಡಗಿದ.

ಅಜ್ಜಿ ಪಕ್ಕಕ್ಕೆ ಬಂದಳು. "ನೀನ್ಯಾಕೋ ಅಳ್ತೀಯಾ ಮಗಾ?"

"ಬದುಕು ಮುಗೀತು ಅಜ್ಜಿ."

"ಒಂದು ಲೋಟ ನೀರು ಕುಡಿ ಅನ್ನೋಣ ಅಂದ್ರೆ, ಅದೂ ಇಲ್ವಲ್ಲಪ್ಪ."

ಆ ಮಾತು ಅವನೊಳಗೆ ಏನನ್ನೋ ತಟ್ಟಿತು. ಹಾಳಾಗಲು ತನ್ನ ಬಳಿ ಇನ್ನೇನೂ ಉಳಿದಿಲ್ಲ. ಇವರಿಗಾದರೂ ನೀರು ಸಿಗಲಿ. ಮೂಗು ಒರೆಸಿಕೊಂಡು ಎದ್ದ. "ವಾಲ್ವ್ ಎಲ್ಲಿದೆ?" ಎರಡು ವರ್ಷದಲ್ಲಿ ಅವನು ಕೇಳಿದ, ಉತ್ತರವಿರುವ ಮೊದಲ ಪ್ರಶ್ನೆ ಅದು.

ಬನಿಯನ್ನಿನವನು ಗಾಬರಿಯಾದ. "ಅದೆಲ್ಲ ಯಾಕಪ್ಪ? ನಮ್ಮ ಕಷ್ಟ ಬರ್ಕೊಂಡು ಹೋಗು. ಬೇಕಾದ್ರೆ ಬರೋ ವಾರ ಬಾ, ಎಲ್ಲಾ ಕೂತು ಚರ್ಚೆ ಮಾಡೋಣ."

"ಬರೆದಿದ್ದು ಸಾಕು."

ಸೈಕಲ್ ಅಂಗಡಿಯಿಂದ ಸ್ಪ್ಯಾನರು ತಂದ. ಕಬ್ಬಿಣದ ಮುಚ್ಚಳ ಎತ್ತಿ ಗುಂಡಿಯೊಳಗೆ ಅರ್ಧ ಇಳಿದು, ಹಲ್ಲು ಕಚ್ಚಿ ವಾಲ್ವಿನ ಚಕ್ರ ತಿರುಗಿಸಿದ. ನಲ್ಲಿ ಹಳೇ ಬೀಡಿ ಸೇದುವವನಂತೆ ಕೆಮ್ಮಿತು, ಉಗಿಯಿತು, ಆಮೇಲೆ ಧೋ ಎಂದಿತು.

ಗುಂಡಿಯಿಂದ ತಲೆ ಎತ್ತಿ ನೋಡಿದರೆ ಯಾರ ಮುಖದಲ್ಲೂ ನಗುವಿಲ್ಲ. ತುಂಬುತ್ತಿರುವ ಕೊಡವನ್ನು ಅಜ್ಜಿ ಹಾವು ಕಂಡವಳಂತೆ ನೋಡುತ್ತಿದ್ದಳು. ಮೇಲಿನ ಮನೆಯ ಕಿಟಕಿ ತೆರೆಯಿತು. ಪ್ರೊಫೆಸರ್ ಮೇಡಂ ತಲೆ ಹೊರಬಂತು.

"ಏನಯ್ಯಾ ಮಾಡಿದೆ ನೀನು?"

"ಮೇಡಂ, ನೀವಿಲ್ಲಿ? ಪ್ರಾಕ್ಟಿಕಲ್ ಮೈದಾನದಲ್ಲಿ ಅಂತ ಫುಟ್‌ನೋಟು…"

"ಅವನು ಭೂಕಂಪದ ಬ್ಯಾಚು. ನೀನು ನೀರಿನ ಬ್ಯಾಚು. ಆ ವಾಲ್ವು ಮುಚ್ಚಿಸಿದ್ದೇ ನಾನು."

ಅಜ್ಜಿ ಮುಷ್ಟಿಯಲ್ಲಿದ್ದ ಈರುಳ್ಳಿ ಚೂರು ಬಿಸಾಡಿದಳು. "ಬೇಜಾರು ಮಾಡ್ಕೋಬೇಡ ಮಗಾ. ಏನೇ ಆದ್ರೂ ಪಾತ್ರ ಬಿಡಬೇಡಿ ಅಂದಿದ್ರು."

ಲೋಕೋದ್ಧಾರನಿಗೆ ಎಲ್ಲಿಲ್ಲದ ಆಸೆ ಚಿಗುರಿತು. "ಹಾಗಾದ್ರೆ ನಾನು ಪಾಸಲ್ವಾ ಮೇಡಂ? ನೀರು ಬಂತಲ್ಲ."

"ಅದೇ ತಪ್ಪು. ನೀನು ಮಾಡಬೇಕಿದ್ದಿದ್ದು ಅಗತ್ಯಗಳ ಅಧ್ಯಯನ. ಈಗ ಅಗತ್ಯ ಎಲ್ಲಿದೆ? ಮಧ್ಯಾಹ್ನದ ಬ್ಯಾಚು ಬಂದು ಏನನ್ನ ಅಧ್ಯಯನ ಮಾಡ್ಲಿ?"

"ವಾಪಸ್ ಮುಚ್ಚಿಬಿಡ್ತೀನಿ ಮೇಡಂ," ಎಂದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಚಕ್ರ ತಿರುಗಿಸಿದ. ಚಕ್ರ ಕಿತ್ತು ಕೈಗೇ ಬಂತು. ಗುಂಡಿಯಿಂದ ನೀರು ಆಳೆತ್ತರ ಚಿಮ್ಮಿತು. ಅಜ್ಜಿಯ ಮನೆಯೊಳಗೆ ನುಗ್ಗಿತು, ಬನಿಯನ್ನಿನವನ ಮನೆಗೂ ಅವನ ಅಣ್ಣನ ಮನೆಗೂ ಸಮಪಾಲಾಗಿ ಹರಿಯಿತು. ಗಲ್ಲಿಯೆಲ್ಲ ಚೀರಾಟ, ಹಾಸಿಗೆ ಹೊರುವವರ ಓಡಾಟ.

ಮೇಡಂ ಮುಖ ಮಾತ್ರ ಅರಳಿತು. ಫೋನು ಕಿವಿಗಿಟ್ಟುಕೊಂಡರು. "ಹಲೋ, ಮಧ್ಯಾಹ್ನದ ಬ್ಯಾಚಿಗೆ ಬರಗಾಲ ಬೇಡ, ಪ್ರವಾಹ ಅಂತ ಬದಲಾಯ್ಸಿ. ಹೌದು, ತುಂಬಾ ಚೆನ್ನಾಗಿ ಬಂದಿದೆ."

ಸೊಂಟದುದ್ದ ನೀರಿನಲ್ಲಿ ಚಕ್ರ ಹಿಡಿದು ನಿಂತಿದ್ದ ಲೋಕೋದ್ಧಾರ ಕೈ ಎತ್ತಿದ. "ಮೇಡಂ, ನಂದು?"

"ಫೇಲು. ಮುಂದಿನ ವರ್ಷ ಮತ್ತೆ ಬಾ," ಎಂದು ಮೇಡಂ ಕಿಟಕಿ ಎಳೆದುಕೊಂಡರು. ಮತ್ತೆ ಏನೋ ನೆನಪಾಗಿ ಒಂದು ರೆಕ್ಕೆ ತೆರೆದರು. "ಮುಂದಿನ ವರ್ಷ ಮುರಿದ ಸೇತುವೆ ಇಟ್ಟಿದೀವಿ. ಕೈಮುಗೀತೀನಿ ಕಣಪ್ಪ, ಕಟ್ಟಬೇಡ."