ನಮ್ಮ ಕುರ್ಚಿಯ ನೀರು

ಹಲ್ಲಿನ ಡಾಕ್ಟರ ಬಳಿ ಹಲ್ಲಿನ ಕಥೆಗಳೇ ಇರುತ್ತವೆಂದು ಜನ ತಿಳಿದಿದ್ದಾರೆ. ಕೊಟ್ಟೂರಿನ ನನ್ನ ಕ್ಲಿನಿಕ್ಕಿನಲ್ಲಿ ನಗು ಬರುವುದೆಲ್ಲ ನೀರಿನಿಂದಲೇ. ರೋಗಿ ಕೂರುವ ಕುರ್ಚಿಗೆ ಜೋಡಿಸಿದ ಸಣ್ಣ ಪೈಪಿನಲ್ಲಿ ನೀರು ನಿಂತರೆ ಒಳಗೆ ಲೋಳೆ ಕಟ್ಟಿ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ. ಆ ನೀರೇ ರೋಗಿಯ ಬಾಯಿಗೆ ಹೋಗುವುದು. ಅದಕ್ಕೇ ದಿನಾ ಪೈಪು ತೊಳೆಯುತ್ತೇನೆ, ನೀರಿಗೆ ಔಷಧ ಹಾಕುತ್ತೇನೆ. ನನ್ನ ನೀರಿನ ಮೇಲೆ ನನಗೆ ಹೆಮ್ಮೆ, ಮುಚ್ಚಿಡುವುದೇನಿದೆ?

ಸುಮ್ಮನೆ ಚೆಲ್ಲುವುದು

ಒಂದು ಬೆಳಿಗ್ಗೆ ಪೈಪಿನ ಹಳೇ ನೀರು ಹರಿಯಬಿಟ್ಟಿದ್ದೆ. ಹಲ್ಲು ತೋರಿಸಲು ಬಂದಿದ್ದ ಹೊಸಹಳ್ಳಿ ಕಡೆಯ ಹೆಂಗಸು ಕೂಗಿಕೊಂಡಳು.

"ಅಯ್ಯಯ್ಯ, ಚೆಲ್ತೀರಲ್ರಿ! ನಮ್ಮೂರಾಗ ನೀರಂದ್ರ ಬಂಗಾರ ಐತಿ."

"ಒಳಗೆ ಕಣ್ಣಿಗೆ ಕಾಣದ ಹುಳ ಇರ್ತಾವಮ್ಮ, ಅವು ಹೋಗ್ಲಿ ಅಂತ."

ಕುರ್ಚಿ ಹತ್ತಿದವಳು ಹಲ್ಲು ತೋರಿಸಲು ಬಾಯಿ ತೆರೆಯಲೇ ಇಲ್ಲ. "ಇನ್ನೊಂದೀಟು ಚೆಲ್ರಿ. ಉಳಿದ ಹುಳ ನನ್ನ ಬಾಯಾಗ್ಯಾಕ?"

ಹೊಳೆಯ ನೀರು

ಹಲವಾಗಲಿನ ಅಜ್ಜ ತಂಬಿಗೆ ತುಂಬ ತುಂಗಭದ್ರೆಯನ್ನೇ ತಂದಿದ್ದ. "ಮಷೀನಿಗೆ ಇದನ್ನ ಹಾಕ್ರಿ. ಹುಟ್ಟಿದಾಗಿಂದ ಇದನ್ನ ಕುಡಿದೀನಿ."

"ನಾಲ್ಕೇ ಹಲ್ಲು ಉಳಿದಾವಲ್ಲ ಅಜ್ಜಾ?"

"ಆ ನಾಲ್ಕು ಉಳಿದಿದ್ದ ಈ ನೀರಿಂದ!"

ಮರ್ಯಾದೆಯ ಪ್ರಶ್ನೆ

ಒಮ್ಮೆ ಕುರ್ಚಿಯ ನೀರನ್ನು ಪರೀಕ್ಷೆಗೆ ಕಳಿಸಿದೆ. ಬಾಟಲಿ ತುಂಬುವ ಕೆಲಸ ನಮ್ಮ ಸಹಾಯಕಿಯದು. ಲ್ಯಾಬಿನವರು ಫೋನ್ ಮಾಡಿ, "ಮೇಡಂ, ನೀರು ಭಾಳ ಕೆಟ್ಟೈತ್ರಿ" ಅಂದರು. ಇಷ್ಟು ದಿನ ಜನರ ಬಾಯಿಗೆ ಏನು ಬಿಟ್ಟೆನೋ! ಬಾಗಿಲು ಮುಚ್ಚಿ, ಪೈಪೆಲ್ಲ ಬದಲಿಸಲು ಮೆಕ್ಯಾನಿಕ್ಕನ್ನು ಕರೆಸಿದೆ. ನನಗೆ ಅಳುವೇ ಬಂತು.

ಅದನ್ನು ನೋಡಿ ಸಹಾಯಕಿ ಬಾಯಿಬಿಟ್ಟಳು. "ಅದು ಕುರ್ಚಿ ನೀರಲ್ರಿ ಮೇಡಂ. ಹೊರಗಿನೋರು ನೋಡೋದು, ಪೈಪಿನ ನೀರು ಕಳಿಸಿದ್ರ ಮರ್ಯಾದಿ ಹೋಗ್ತೈತಿ ಅಂತ ನಮ್ಮ ಮನಿ ಕ್ಯಾನಿನಾಗಿನ ಕುಡಿಯೋ ನೀರು ತುಂಬಿದ್ನಿ."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಈ ಸಲ ನಾನೇ ಕುರ್ಚಿಯ ನೀರು ಹಿಡಿದು ಕಳಿಸಿದೆ. ಉತ್ತರ ಬಂತು: ಒಂದು ದೋಷವೂ ಇಲ್ಲ! ಬೀದಿಯವರಿಗೆಲ್ಲ ಪೇಡ ಹಂಚಿ, ನಡೆದದ್ದನ್ನು ಬಾಯಿ ತುಂಬ ಹೇಳಿಕೊಂಡೆ.

ಮರುದಿನ ಬಾಗಿಲು ತೆರೆಯುವಾಗ ಸಹಾಯಕಿಯ ಅತ್ತೆ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ನಿಂತಿದ್ದಳು. ನಾನು ಮಾತಾಡುವ ಮೊದಲೇ ಒಳಗೆ ನುಗ್ಗಿ, ಕೊಡವನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿದಳು.

"ನಮ್ಮ ಮನಿ ನೀರಿನ ಮಾನ ಊರಾಗೆಲ್ಲ ಕಳದ್ರಿ. ಈಗ ತುಂಬಿಸಿಕೊಡ್ರಿ!"