ಮಾರ್ಷಲ್ ವೊಸಿಕನ ತುಕ್ಕು

ರಿವಾಲ್ವರಿನ ತುಕ್ಕು ತೆಗೆದು ಹೊಸ ಮೆರುಗು ಕೊಡಬೇಕು ಎಂದು ಎಮಿಲ್ ವೊಸಿಕ ಬೆಳಗಿನ ಕಾಫಿಯ ಹೊತ್ತಿಗೆ ಬಾಯಿಬಿಟ್ಟದ್ದೇ ತಪ್ಪಾಯಿತು. ಅಂದದ್ದು ಹೆಂಡತಿ ಅಡೆಲಾಳ ಮುಂದೆ, ಕೇಳಿಸಿಕೊಂಡದ್ದು ಮಾತ್ರ ಊರಿಗೆ ಊರೇ. ನೆಬ್ರಾಸ್ಕಾದ ಆ ಬಯಲಿನಲ್ಲಿ ಗಾಳಿಗೆ ತಡೆಯೊಡ್ಡುವ ಗುಡ್ಡವೂ ಇಲ್ಲ, ಮಾತಿಗೆ ತಡೆಯೊಡ್ಡುವ ಗೋಡೆಯೂ ಇಲ್ಲ.

ರಿವಾಲ್ವರ್ ಅವನ ಅಜ್ಜನದು. ಅಜ್ಜ ಜೋಸೆಫ್ ವೊಸಿಕ ಹಿಂದೆ ಊರಿನ ಮಾರ್ಷಲ್, ಅಂದರೆ ಕಳ್ಳರಿಗೂ ಕುಡುಕರಿಗೂ ಸೇರಿ ಇದ್ದ ಒಬ್ಬನೇ ಪೊಲೀಸು. ಆ ಸಂಜೆ ಊರ ಸಭಾಭವನದಲ್ಲಿ ಹಳೆಯ ವಸ್ತುಗಳ ಪ್ರದರ್ಶನ. ಗಾಜಿನ ಪೆಟ್ಟಿಗೆಯಲ್ಲಿ, ಅಜ್ಜನ ಹೆಸರಿನ ಕೆಳಗೆ, ಆ ರಿವಾಲ್ವರ್ ಕೂರಬೇಕಿತ್ತು. ಅದೋ, ಮೈಮೇಲಿನ ನೀಲಿ ಮೆರುಗೆಲ್ಲ ಹೋಗಿ, ನೇಗಿಲಿಗೆ ಸಿಕ್ಕ ಹಂದಿಯ ದವಡೆ ಮೂಳೆಯ ಹಾಗೆ ಕಂದುಗಟ್ಟಿತ್ತು. ಅಜ್ಜನಾದರೋ ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಅದಕ್ಕೆ ಎಣ್ಣೆ ಹಚ್ಚಿ ಒರೆಸುತ್ತಿದ್ದವನು, ಬೂಟಿಗೆ ಪಾಲಿಶ್ ಇಲ್ಲದವರ ಜೊತೆ ಮಾತೇ ಆಡದವನು. ಅಂಥವನನ್ನು ಊರೆಲ್ಲ ಬಂದು ನೋಡಿ ಕೊಳಕ ಅಂದುಕೊಂಡು ಹೋಗಬೇಕೇ? ಎಮಿಲನ ಚಿಂತೆ ಅದೊಂದೇ.

ಮೊದಲು ಬಂದವನು ಅಡೆಲಾಳ ತಮ್ಮ ವೆನ್ಸಿಲ್. ಗಸಗಸೆ ತುಂಬಿದ ಕೊಲಾಚಿ ಬನ್ನನ್ನು ಕೇಳದೆಯೇ ತಟ್ಟೆಯಿಂದ ಎತ್ತಿಕೊಂಡು, ಹಳೆಯ ಬಂದೂಕಿಗೆ ಮೆರುಗು ಹಾಕುವುದು ಮಹಾಪಾಪ ಎಂದು ಉಪದೇಶಕ್ಕೆ ಕೂತ. ಅಜ್ಜ ಕುದುರೆಯ ಮೇಲೆ ಕಳ್ಳರನ್ನು ಅಟ್ಟಿಸಿಕೊಂಡು ಹೋದಾಗ ಸುರಿದ ಬೆವರೇ ಆ ತುಕ್ಕಂತೆ. ಒಂದೊಂದು ಕಲೆಯೂ ಒಂದೊಂದು ಚರಿತ್ರೆಯಂತೆ.

"ಬೆವರೂ ಅಲ್ಲ, ಮಣ್ಣೂ ಅಲ್ಲ," ಅಂದ ಎಮಿಲ್. "ಚರ್ಮದ ಒರೆಯೊಳಗೇ ಇಟ್ಟು ನೆಲಮಾಳಿಗೆಯಲ್ಲಿ ತೂಗುಹಾಕಿಬಿಟ್ಟಿದ್ದೆ. ಚರ್ಮ ತೇವ ಕುಡೀತು. ಅದು ನಿಮ್ಮಕ್ಕ ಬಟ್ಟೆ ಒಗೆದ ಹಬೆ ಕಣೋ."

ವೆನ್ಸಿಲ್ ಬನ್ನು ಅಗಿಯುತ್ತ, ಭಾವನಿಗೆ ಚರಿತ್ರೆಯ ಮೇಲೆ ಗೌರವವಿಲ್ಲ ಎಂದು ಅಕ್ಕನಿಗೆ ಹೇಳಿದ.

ಎಮಿಲ್ ಬಂದೂಕು ರಿಪೇರಿಯ ಓರ್ವಿಲ್‌ನ ಅಂಗಡಿಗೆ ಹೋದ. ಓರ್ವಿಲ್ ರಿವಾಲ್ವರನ್ನು ಎರಡೂ ಕೈಯಲ್ಲಿ, ಆಗತಾನೆ ಹುಟ್ಟಿದ ಕರುವನ್ನು ಹಿಡಿದ ಹಾಗೆ ಹಿಡಿದುಕೊಂಡ. ಬೇರೆ ಯಾವುದನ್ನೇ ತಂದರೂ ಮಾಡಿಕೊಡುತ್ತೇನೆ, ಇದನ್ನು ಮುಟ್ಟಿದರೆ ನನ್ನ ಅಂಗಡಿಗೆ ನಾಳೆಯಿಂದ ಯಾರೂ ಬರುವುದಿಲ್ಲ ಎಂದು ವಾಪಸು ಕೊಟ್ಟ. ಹಬೆಯ ಕತೆಯನ್ನು ಅವನು ನಂಬಿದ. ಆದರೂ ಆಗದು ಎಂದು ತಲೆಯಾಡಿಸಿದ.

ನಿಜ ಹೇಳಬೇಕೆಂದರೆ ಅಲ್ಲಿಗೆ ಎಮಿಲನ ಮನಸ್ಸು ಅರ್ಧ ಸಡಿಲವಾಗಿತ್ತು. ಬಿಟ್ಟುಬಿಡೋಣವೇ ಎಂದುಕೊಳ್ಳುತ್ತ ಮನೆಗೆ ಬಂದರೆ ಫೋನು ಬಡಿದುಕೊಳ್ಳುತ್ತಿತ್ತು. ಮಿಸೆಸ್ ಹಾಲ್ವರ್ಸನ್. ಪ್ರದರ್ಶನದ ಯಜಮಾನಿಕೆ ಆಕೆಯದು. ಎಮಿಲನಿಗೆ ನಾಲ್ಕನೇ ಇಯತ್ತೆಯಲ್ಲಿ ಪಾಠ ಹೇಳಿದ್ದವಳೂ ಆಕೆಯೇ.

"ಎಮಿಲ್, ಆ ರಿವಾಲ್ವರನ್ನ ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತ್ಕೋ," ಅಂದಳು.

ಅಷ್ಟೇ ಸಾಕಾಯಿತು. ಮೊಮ್ಮಕ್ಕಳನ್ನು ಕಂಡ ಮನುಷ್ಯ, ಕೈ ಕಟ್ಟಿ ಕೂರುವ ಕಾಲ ಹೋಗಿ ಬಹಳ ದಿನವಾಯಿತು ಎಂದುಕೊಂಡು ಎದ್ದ. ಗ್ಯಾರೇಜಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ.

ಗುಂಡುಗಳಿಲ್ಲವೆಂದು ನೋಡಿ, ತಿರುಪುಗಳನ್ನು ಬಿಚ್ಚಿ, ಎಣ್ಣೆ ಸವರಿದ ಉಕ್ಕಿನ ನಾರಿನಿಂದ ತಿಕ್ಕತೊಡಗಿದ. ವೆನ್ಸಿಲ್ ಕಿಟಕಿಗೆ ಮುಖ ಒತ್ತಿ, ಹೆರಿಗೆಯ ಕೋಣೆಯ ಹೊರಗೆ ನಿಂತವನ ಹಾಗೆ ನರಳಿದ. ಎಮಿಲ್ ಕಿಟಕಿಗೆ ಗೋಣಿಚೀಲ ಇಳಿಬಿಟ್ಟ. ನೀಲಿಗಪ್ಪು ಬಣ್ಣ ಕೊಡುವ ಮೆರುಗಿನ ನೀರು ಹಿಡಿಯಬೇಕಾದರೆ ಕಬ್ಬಿಣ ಬೆಚ್ಚಗಿರಬೇಕು. ಅದಕ್ಕೆ ಅಡೆಲಾ ಕೂದಲು ಒಣಗಿಸುವ ಯಂತ್ರವನ್ನು ತಂದ. ಅದು ಸ್ವಲ್ಪ ಹೊತ್ತು ಉಸಿರಾಡಿ, ಹೊಗೆ ಬಿಟ್ಟು, ಪ್ರಾಣವನ್ನೂ ಬಿಟ್ಟಿತು. ಒದ್ದೆ ತಲೆಯ ಅಡೆಲಾ ಬಾಗಿಲ ಆಚೆ ನಿಂತು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಉಳಿದದ್ದನ್ನು ಎಮಿಲ್ ಅಂಗೈಯಲ್ಲೇ ಉಜ್ಜಿ ಕಾಯಿಸಿದ. ಬೆರಳುಗಳು ಶಾಯಿಯಲ್ಲಿ ಅದ್ದಿದಂತಾದವು. ಆದರೆ ಸಂಜೆಯ ಹೊತ್ತಿಗೆ ರಿವಾಲ್ವರ್ ಕಾಗೆಯ ರೆಕ್ಕೆಯ ಹಾಗೆ ಹೊಳೆಯಿತು. ನಳಿಗೆಯಲ್ಲಿ ತನ್ನ ಮುಖ ಕಂಡು ಎಮಿಲನಿಗೆ ಅಜ್ಜನೇ ಭುಜ ತಟ್ಟಿದಂತಾಯಿತು.

ಇನ್ನು ಯಾರು ಏನಾದರೂ ಅನ್ನಲಿ ಎಂದು ಎದೆಯುಬ್ಬಿಸಿ ಸಭಾಭವನಕ್ಕೆ ಹೋದ. ಬಾಗಿಲಲ್ಲಿ ಕಾವಲಿಗೆ ಓರ್ವಿಲ್ ನಿಂತಿದ್ದ. ರಿವಾಲ್ವರನ್ನು ನೋಡಿ, ಕೆಲಸ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿ, ಬಾಗಿಲಿಗೆ ಅಡ್ಡ ನಿಂತ.

"ಒಳಗೆ ಹಳೇ ಬಂದೂಕುಗಳಿಗೆ ಮಾತ್ರ ಅವಕಾಶ, ಎಮಿಲ್. ಹೊಸದನ್ನ ಟ್ರಕ್ಕಿನಲ್ಲೇ ಬಿಟ್ಟು ಬರಬೇಕು."

"ಇದು ಅಜ್ಜಂದು. ಬೆಳಿಗ್ಗೆ ನಿನ್ನ ಕೈಲೇ ಕೊಟ್ಟಿದ್ದೆನಲ್ಲ."

"ನಂಗೊತ್ತು ಮಾರಾಯ. ಆದ್ರೆ ನೋಡಿದವರು ಏನಂತಾರೆ?"

ಅವನ ಹೆಗಲ ಮೇಲಿಂದ ಎಮಿಲ್ ಒಳಗೆ ಇಣುಕಿದ. ಗಾಜಿನ ಪೆಟ್ಟಿಗೆ ಖಾಲಿಯಿರಲಿಲ್ಲ. ಮಾರ್ಷಲ್ ಜೋಸೆಫ್ ವೊಸಿಕ ಎಂಬ ಹೆಸರಿನ ಕೆಳಗೆ, ಮಖಮಲ್ಲಿನ ಮೇಲೆ, ತುಕ್ಕಿನ ಮುದ್ದೆಯಂಥ ಒಂದು ರಿವಾಲ್ವರ್ ಮಲಗಿತ್ತು. ವೆನ್ಸಿಲನದು. ಬೇಲಿಗೆ ಮೊಳೆ ಹೊಡೆಯಲು ಅವನು ಅದರ ಹಿಡಿಯನ್ನೇ ಸುತ್ತಿಗೆ ಮಾಡಿಕೊಂಡಿದ್ದನ್ನು ಎಮಿಲ್ ಎಷ್ಟೋ ಸಲ ನೋಡಿದ್ದ. ಮಿಸೆಸ್ ಹಾಲ್ವರ್ಸನ್ ಅದರ ಪಕ್ಕ ನಿಂತು ಬೆವರಿನ ಕತೆ ಹೇಳುತ್ತಿದ್ದಳು. ಗಂಡಸರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು.

ಎಮಿಲ್ ಮನೆಗೆ ಹೋಗಲಿಲ್ಲ. ಟ್ರಕ್ಕನ್ನು ಬಾಗಿಲಿಗೆ ನೇರ ಎದುರಾಗಿ ನಿಲ್ಲಿಸಿ, ರಿವಾಲ್ವರನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿ ಇಳಿಸಿ ಕೂತ. ಹೊರಗೆ ಬಂದವರಿಗೆಲ್ಲ, ಒಳಗಿರುವುದು ಬೇಲಿಯ ಸುತ್ತಿಗೆ, ನಿಜವಾದದ್ದು ಇಲ್ಲಿದೆ ಎಂದು ಕರೆದು ಹೇಳಿದ. ಬೆರಳೆಲ್ಲ ಕಪ್ಪಾದ ಮುದುಕ, ತೊಡೆಯ ಮೇಲೆ ಹೊಳೆಯುವ ರಿವಾಲ್ವರು. ಎಲ್ಲರೂ ವಿನಯದಿಂದ ಹೌದು ಹೌದು ಎಂದು ಬೇಗ ಬೇಗ ತಮ್ಮ ಕಾರುಗಳ ಕಡೆಗೆ ನಡೆದರು.

ಕೊನೆಗೆ ತಲೆಗೆ ವಸ್ತ್ರ ಕಟ್ಟಿಕೊಂಡ ಅಡೆಲಾ ಬಂದು ಪಕ್ಕದಲ್ಲಿ ಕೂತಳು. ಕಣ್ಣು ಒರೆಸಿಕೊಂಡಳು.

"ಆ ಬೆವರಿನ ಕಲೆ ನೋಡಿ ಕರುಳು ಚುರುಕ್ ಅಂತು," ಅಂದಳು.

"ಅದು ನಿನ್ನ ತಮ್ಮನ ಸುತ್ತಿಗೆ ಕಣೇ."

"ನಂಗೊತ್ತಿಲ್ವಾ? ಆದ್ರೂ ನಿಮ್ಮಜ್ಜ ಕಣ್ಣಿಗೆ ಕಟ್ಟಿದ ಹಾಗಾಯ್ತು."

ಎಮಿಲ್ ಕಿಟಕಿಯ ಗಾಜನ್ನು ಏರಿಸಲಿಲ್ಲ. ಹೊರಗೆ ಬರುವವರು ಇನ್ನೂ ಇದ್ದರು.