ಕಂಬದ ಮೂಲಕ ಊರಮ್ಮನಿಗೆ

ನಮ್ಮ ಅತ್ತೆಯಂಥ ದೈವಭಕ್ತೆ ಮೂರು ತಾಲ್ಲೂಕು ಹುಡುಕಿದರೂ ನಿಮಗೆ ಸಿಗುವುದಿಲ್ಲ. ಮಂಗಳವಾರ, ಶುಕ್ರವಾರ ತಪ್ಪಿಸುವುದಿಲ್ಲ. ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಬರಿಗಾಲಲ್ಲಿ ಊರಮ್ಮನ ಗುಡಿಗೆ ಹೋಗುತ್ತಾಳೆ. ಹೋಗಿ ಏನು ಮಾಡುತ್ತಾಳೆ ಅಂದಿರಾ? ಊರಮ್ಮನಿಗೆ ಬೆನ್ನು ತಿರುಗಿಸಿ ಕೂತುಬಿಡುತ್ತಾಳೆ! ಕೈ ಮುಗಿಯುವುದಿಲ್ಲ, ಕಾಯಿ ಒಡೆಸುವುದಿಲ್ಲ, ಮಂಗಳಾರತಿ ತಟ್ಟೆ ಎದುರಿಗೆ ಬಂದರೆ ಮುಖ ಆ ಕಡೆ. ಯಾಕೆಂದರೆ ಅತ್ತೆಗೂ ಊರಮ್ಮನಿಗೂ ಮಾತು ಬಿಟ್ಟುಹೋಗಿ ಬಹಳ ವರ್ಷ ಆಯಿತು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಇದ್ದೊಬ್ಬ ಮಗಳನ್ನು ಕರೆದುಕೊಂಡು ಕಂದಿಕೆರೆ ಹತ್ತಿರದ ನಮ್ಮ ಹಳ್ಳಿಗೆ, ನಮ್ಮ ಮನೆಗೇ ಬಂದವಳು. ಮಾತು ಬಿಡುವುದರಲ್ಲಿ ಅವಳದು ಎತ್ತಿದ ಕೈ. ಒಂದೇ ಸೂರಿನಡಿ ಇರುವ ಇಬ್ಬರು ಹೆಂಗಸರು ಮಾತು ಬಿಟ್ಟರೆ ಸಂಸಾರ ಹೇಗೆ ನಡೆಯಬೇಕು ಹೇಳಿ? ಅದಕ್ಕೇ ನಮ್ಮ ನಡುಮನೆಯಲ್ಲಿ ಒಂದು ಕಂಬ ಇತ್ತು. ಒಮ್ಮೆ, ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಹಾಕಿದ್ದ ಕಾಯಿಗಳನ್ನು ನಮ್ಮವ್ವ ಕದ್ದು ತನ್ನ ತವರಿಗೆ ಸಾಗಿಸಿದಳು ಅಂತ ಅತ್ತೆಗೆ ಗುಮಾನಿ ಬಂದು ಇಬ್ಬರಿಗೂ ಮಾತು ನಿಂತಿತು. ಆಮೇಲೆ ಕಂಬಕ್ಕೆ ಬಿಡುವೇ ಇಲ್ಲ!

‘ಕಂಬಣ್ಣ, ಸಾರಿಗೆ ಉಪ್ಪು ಜಾಸ್ತಿ ಆಗೈತೆ ಅಂತ ಹೇಳ್ಬುಡು’ ಅಂತ ಅತ್ತೆ.

‘ಕಂಬಣ್ಣ, ನಾಲಿಗೆ ಉದ್ದ ಇರೋರ್ಗೆ ಉಪ್ಪು ಜಾಸ್ತೀನೇ ಹತ್ತೋದು ಅಂತ ಹೇಳು’ ಅಂತ ಒಲೆ ಮುಂದಿನಿಂದ ಅವ್ವ.

ಕೊನೆಗೆ ಕಾಯಿಗಳು ಅಟ್ಟದ ಮೂಲೆಯಲ್ಲೇ ಸಿಕ್ಕವು, ಹೆಗ್ಗಣಗಳು ಉರುಳಿಸಿದ್ದವು. ಅತ್ತೆ ಅಟ್ಟದಿಂದ ಇಳಿದವಳೇ ಸೀದಾ ಅಡುಗೆಮನೆಗೆ ಹೋಗಿ, ‘ಏನವ್ವಾ, ಉಂಡ್ಯಾ?’ ಅಂದಳು. ಅಷ್ಟೇ. ಅವ್ವ ಕಣ್ಣು ಒರೆಸಿಕೊಂಡು ಇಬ್ಬರಿಗೂ ತಟ್ಟೆ ಹಾಕಿದಳು. ಅತ್ತೆಯ ಕಾನೂನು ಅದು: ತಪ್ಪು ಮಾಡಿದವರು ಮೊದಲು ಮಾತಾಡಿಸಬೇಕು, ‘ಉಂಡ್ಯಾ’ ಅಂದರೆ ಸಾಕು, ಬೇರೆ ಕ್ಷಮೆ ಗಿಮೆ ಏನೂ ಬೇಡ.

ಊರಮ್ಮನ ವಿಷಯಕ್ಕೆ ಬರುತ್ತೇನೆ. ನಗುವಂಥ ವಿಷಯವಲ್ಲ. ಅತ್ತೆಯ ಮಗಳು ಪುಟ್ಟಿಗೆ ಜ್ವರ ಬಂದು ತಿಪಟೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಜ್ವರ ಇಳಿಯಲಿಲ್ಲ. ಅತ್ತೆ ಬಸ್ಸು ಹತ್ತಿ ಊರಿಗೆ ಬಂದು ಊರಮ್ಮನ ಹತ್ತಿರ ಹೂ ಕೇಳಿದಳು. ವಿಗ್ರಹಕ್ಕೆ ಒದ್ದೆ ಹೂಗಳನ್ನು ಮುಡಿಸಿ, ಮನಸ್ಸಿನಲ್ಲಿರುವುದನ್ನು ಕೇಳಿ ಕಾಯುವುದು ನಮ್ಮ ಕಡೆಯ ಪದ್ಧತಿ. ಬಲಗಡೆ ಬಿದ್ದರೆ ಆಗುತ್ತದೆ ಅಂತ, ಎಡಗಡೆ ಬಿದ್ದರೆ ಇಲ್ಲ ಅಂತ. ಹೂ ಬಲಗಡೆಯೇ ಬಿತ್ತು. ಅತ್ತೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, ಬಸ್ಸಿನಲ್ಲಿ ಪಕ್ಕದವರಿಗೆಲ್ಲ ತೋರಿಸಿಕೊಂಡು ಹೋದಳಂತೆ. ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪುಟ್ಟಿ ಹೋಗಿಬಿಟ್ಟಿತ್ತು.

ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಟಗಟ ಅನ್ನುವವರೆಗೆ ಯಾವ ಕಾಯನ್ನೂ ನಂಬಿದವನಲ್ಲ. ದೇವರನ್ನೂ ಹಾಗೆ ಅಲ್ಲಾಡಿಸಿ ನೋಡಿದೆ, ಸದ್ದು ಬರಲಿಲ್ಲ, ಬಿಟ್ಟೆ. ಅತ್ತೆಯೂ ನನ್ನ ಪಕ್ಷಕ್ಕೆ ಸೇರಿದಳು ಅಂದುಕೊಂಡು ಒಂದು ದಿನ ಬುದ್ಧಿ ಹೇಳಲು ಹೋದೆ.

‘ಅತ್ತೆ, ಅದು ಒದ್ದೆ ಹೂವು. ಒಣಗಿದ್ರೆ ಬೀಳುತ್ತೆ. ಪೂಜಾರಪ್ಪ ಯಾವ ಕಡೆ ಸಡಿಲ ಇಟ್ಟಿರ್ತಾನೋ ಆ ಕಡೆ ಬೀಳುತ್ತೆ.’

‘ಅದು ನಂಗೊತ್ತಿಲ್ವೇನ್ಲಾ? ಅವ್ನು ಸುಳ್ಳು ಬೀಳಿಸ್ದಾಗ ಇವಳ್ಯಾಕೆ ಸುಮ್ನೆ ಕೂತಿದ್ಲು?’

‘ಯಾಕಂದ್ರೆ ಅಲ್ಲಿ ಯಾರೂ ಇಲ್ಲ!’

‘ಇಲ್ದೆ ಎಲ್ಲಿಗೋಯ್ತಾಳೆ? ಅಲ್ಲೇ ಅವ್ಳೆ. ಮಾತು ತಪ್ಪವ್ಳೆ, ಮಖ ತೋರ್ಸೋಕೆ ನಾಚ್ಕೆ.’

‘ಮತ್ತೆ ನೀನ್ಯಾಕೆ ವಾರಕ್ಕೆರಡು ಸಲ ಹೋಗ್ತೀಯ?’

‘ನಾನು ಹೋಗ್ದಿದ್ರೆ ಅವ್ಳು ಮಾತಾಡ್ಸೋದೆಂಗೆ? ಎದುರ್ಗೆ ಇಲ್ದೋರ್ನ ಯಾರಾದ್ರೂ ಮಾತಾಡಿಸ್ತಾರೇನೋ, ದಡ್ಡ!’

ಏನು ಹೇಳುತ್ತೀರಿ ಇದಕ್ಕೆ? ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದೆ.

ಗುಡಿಯಲ್ಲೂ ಒಂದು ಕಂಬ ಇತ್ತಲ್ಲ, ಅತ್ತೆ ಅದನ್ನೇ ಹಿಡಿದಳು. ‘ಕಂಬಣ್ಣ, ಪುಟ್ಟಿ ವಾರಗೆಯವ್ರಿಗೆಲ್ಲ ಮದುವೆ ಆಗ್ತಾ ಐತೆ ಅಂತ ಹೇಳು.’ ‘ಕಂಬಣ್ಣ, ಈ ಸಲ ಕಾಯಿಗೆ ನುಸಿ ಬಿದ್ದೈತೆ, ಅದನ್ನಾದ್ರೂ ನೋಡ್ಕೊಳ್ಳೋಕೆ ಹೇಳು.’ ಈಚೆಗೆ ಗುಡಿಯ ಜೀರ್ಣೋದ್ಧಾರ ಆದಾಗ ಕಂಬಕ್ಕೆ ಬಣ್ಣ ಬಳಿದು, ಹಣ ಕೊಟ್ಟ ನಮ್ಮೂರ ಮುಖಂಡರೊಬ್ಬರ ಹೆಸರನ್ನು ‘ಸೇವಾರ್ಥ’ ಅಂತ ದಪ್ಪಕ್ಷರದಲ್ಲಿ ಬರೆಸಿದರು. ಅಂದಿನಿಂದ ಅತ್ತೆಯ ದೂರುಗಳೆಲ್ಲ ನೇರವಾಗಿ ಮುಖಂಡರಿಗೇ ಹೋದಂತಾಯಿತು. ಅವರೂ ಊರಮ್ಮನ ಹಾಗೆಯೇ ಯಾವುದಕ್ಕೂ ಉತ್ತರ ಕೊಡಲಿಲ್ಲ ಅನ್ನಿ!

ಚುನಾವಣೆ ಬಂತು. ಅದಕ್ಕೆ ನಿಂತ ಮುಖಂಡರು ಬೆಳಿಗ್ಗೆ ಬಂದು ಹೂ ಕೇಳಿದರು, ಬಲಗಡೆ ಬಿತ್ತು. ಎದುರಾಳಿ ಮಧ್ಯಾಹ್ನ ಬಂದು ಕೇಳಿದ, ಅದೂ ಬಲಗಡೆಯೇ! ಸಂಜೆ ಎರಡೂ ಕಡೆಯವರು ಮನೆಮನೆಗೆ ಕುಕ್ಕರ್ ಹಂಚಿ, ಕಾಯಿ ಮುಟ್ಟಿಸಿ ಊರಮ್ಮನ ಹೆಸರಲ್ಲಿ ಆಣೆ ಹಾಕಿಸಿಕೊಂಡರು. ಜನ ಎರಡೂ ಕಾಯಿ ಮುಟ್ಟಿ, ಎರಡೂ ಕುಕ್ಕರ್ ಒಳಗಿಟ್ಟುಕೊಂಡರು. ಅತ್ತೆ ಎರಡನ್ನೂ ಮುಟ್ಟಲಿಲ್ಲ. ‘ಅವಳೆಸ್ರು ನಾನು ಎತ್ತಾಕಿಲ್ಲ, ಮಾತು ಬಿಟ್ಟಿವ್ನಿ’ ಅಂದಳು. ನಮ್ಮ ಮನೆಗೆ ಕುಕ್ಕರ್ ಬರಲಿಲ್ಲ ಅಂತ ನನ್ನ ಹೆಂಡತಿಗೆ ಇನ್ನೂ ಸಿಟ್ಟಿದೆ.

ಆಗಲೇ ಯಾರೋ ಅತ್ತೆ ಬೆನ್ನು ತಿರುಗಿಸಿ ಕೂತಿದ್ದನ್ನು ವೀಡಿಯೊ ಮಾಡಿ ವಾಟ್ಸಾಪಿಗೆ ಬಿಟ್ಟರು. ‘ದೇವಿಗೆ ಅವಮಾನ, ಧರ್ಮಕ್ಕೆ ಅಪಚಾರ’ ಅಂತ ಮುಖಂಡರ ಕಡೆಯ ಹುಡುಗರು ಮೋಟಾರ್ ಬೈಕುಗಳಲ್ಲಿ ಬಂದು ಮನೆ ಮುಂದೆ ಘೋಷಣೆ ಕೂಗಿದರು. ಅದರಲ್ಲಿ ಅರ್ಧ ಹುಡುಗರು ಅತ್ತೆಯ ಕೈಯಲ್ಲಿ ಕೊಬ್ಬರಿ ಬೆಲ್ಲ ಈಸಿಕೊಂಡು ತಿಂದು ಬೆಳೆದವರು. ಮಾರನೆಯ ದಿನ ಎದುರಾಳಿ ಕಡೆಯವರು ‘ವೈಚಾರಿಕ ಮಹಿಳೆ’ ಅಂತ ಅತ್ತೆಗೆ ಸನ್ಮಾನ ಮಾಡಲು ಶಾಲು, ಹಾರ, ಫೋಟೋದವನ ಸಮೇತ ಹಾಜರು! ಅತ್ತೆ ಹಿಂದಿನ ದಿನ ಹುಡುಗರಿಗೆ ಹೇಳಿದ್ದನ್ನೇ ಇವರಿಗೂ ಹೇಳಿದಳು:

‘ಅವಳ್ಗೂ ನಂಗೂ ಜಗಳ. ಮಧ್ಯ ನಿಮ್ದೇನ್ರಪ್ಪಾ?’

ಶಾಲನ್ನು ಮಾತ್ರ ವಾಪಸು ಕೊಡಲಿಲ್ಲ. ಬೆಚ್ಚಗಿತ್ತಂತೆ.

ಆಮೇಲಿಂದ ನನಗೆ ನಗು ಬರುವುದು ಕಡಿಮೆಯಾಗಿದೆ. ದೇವರಿಲ್ಲ ಅಂತ ಹೇಳಿಕೊಂಡು ಓಡಾಡುವುದು ನನಗೇನೂ ಕಷ್ಟವಾಗಿರಲಿಲ್ಲ. ಬೇಸರವಾಗಿದ್ದು ದೇವಿ ಇದ್ದಾಳೆ ಅನ್ನುವವರನ್ನು ನೋಡಿ. ಹೂ ಸುಳ್ಳಾದರೂ ಅವರಿಗೆ ಚಿಂತೆಯಿಲ್ಲ, ಆಣೆ ಸುಳ್ಳಾದರೂ ಚಿಂತೆಯಿಲ್ಲ, ಬ್ಯಾನರಿನಲ್ಲಿ ತಮ್ಮ ಮುಖದ ಪಕ್ಕ ಊರಮ್ಮನ ಮುಖ ಇದ್ದರೆ ಆಯಿತು. ನಮ್ಮೂರಿನಲ್ಲಿ ಆ ದೇವಿ ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂತ ಹಟ ಹಿಡಿದವಳು ಒಬ್ಬಳೇ, ಅವಳಿಗೇ ಧರ್ಮದ್ರೋಹಿ ಅನ್ನುವ ಪಟ್ಟ. ಯಾರ ಹತ್ತಿರ ಹೇಳಿಕೊಳ್ಳೋಣ ಇದನ್ನು?

ಇದನ್ನೆಲ್ಲ ಈಗಲೂ ನಡೆಯುತ್ತಿದೆ ಅನ್ನುವ ಹಾಗೆ ಹೇಳುತ್ತ ಬಂದೆ. ನಡೆಯುತ್ತಿಲ್ಲ. ಹೋದ ತಿಂಗಳು ಅತ್ತೆ ಕೊಟ್ಟಿಗೆಯಲ್ಲಿ ಕುಸಿದು ಬಿದ್ದಳು. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಮಾತೂ ಪೂರ್ತಿ ಹೋಯಿತು. ‘ಊರಮ್ಮನ ಜೊತೆ ಮಾತು ಬಿಟ್ಟಳಲ್ಲ, ಅಮ್ಮ ಮಾತನ್ನೇ ಕಿತ್ಕಂಡ್ಲು’ ಅಂತ ಊರೆಲ್ಲ ಒಂದೇ ಸುದ್ದಿ. ಪೂಜಾರಪ್ಪ ಅದನ್ನು ಬಂದವರಿಗೆಲ್ಲ ತೀರ್ಥದ ಜೊತೆ ಹಂಚಿದ. ನಾನು ಗುಡಿ ಬಾಗಿಲಲ್ಲಿ ನಿಂತು ಅವನಿಗೆ ಬಾಯಿಗೆ ಬಂದಂತೆ ಬೈದೆ. ಬೈದು ಏನು ಬಂತು?

ಈಗ ಅತ್ತೆಯನ್ನು ಮಲಗಿಸಿರುವುದು ತಿಪಟೂರಿನ ಅದೇ ಆಸ್ಪತ್ರೆಯಲ್ಲಿ. ಮೂಗಿನ ನಳಿಗೆಯಲ್ಲಿ ಗಂಜಿ ಬಿಡುತ್ತಾರೆ. ಕಿವಿ ಚೆನ್ನಾಗಿ ಕೇಳಿಸುತ್ತದೆ, ನಾವು ಮಾತಾಡಿದರೆ ಕಣ್ಣು ತಿರುಗಿಸುತ್ತಾಳೆ. ಮೊನ್ನೆ ಮಂಗಳವಾರ ಬೆಳಿಗ್ಗೆಯಿಂದ ಎಡಗೈಯಲ್ಲಿ ಹೊದಿಕೆ ಕಿತ್ತು ಕಿತ್ತು ಹಾಕುತ್ತಿದ್ದಳು. ನರ್ಸಮ್ಮನಿಗೆ ಏನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಅವಳು ಗುಡಿಗೆ ಹೊರಟಿದ್ದಳು. ‘ನಾನು ಹೋಗಿ ಬತ್ತೀನಿ ಬುಡತ್ತೆ’ ಅಂದೆ. ಕೈ ಸುಮ್ಮನಾಯಿತು.

ಬಸ್ಸು ಹತ್ತಿ ಊರಿಗೆ ಹೋದೆ. ಗುಡಿಯಲ್ಲಿ ಪೂಜೆ ಮುಗಿದಿತ್ತು, ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅತ್ತೆ ಕೂರುತ್ತಿದ್ದ ಜಾಗದಲ್ಲಿ ಊರಮ್ಮನಿಗೆ ಬೆನ್ನು ಹಾಕಿ ಕೂತೆ. ದೇವರ ಹತ್ತಿರ ಮಾತಾಡಿ ನನಗೆ ಅಭ್ಯಾಸವಿಲ್ಲ. ಇಲ್ಲ ಅಂದವನು ಈಗ ಏನಂತ ಕರೆಯಲಿ? ಎದುರಿಗೆ ಕಂಬ ಇತ್ತು. ಮುಖಂಡರ ಹೆಸರಿನ ಮೇಲೆ ಕೈಯಿಟ್ಟೆ.

‘ಕಂಬಣ್ಣ,’ ಅಂದೆ, ‘ನಮ್ಮತ್ತೆಗೆ ಬಾಯಿ ಹೋಗೈತೆ, ಕಿವಿ ಇನ್ನೂ ಐತೆ ಅಂತ ಹೇಳು. ಬೇಗ ಹೋಗಿ ಒಂದ್ಸಲ ‘ಉಂಡ್ಯಾ’ ಅನ್ನೋಕೆ ಹೇಳು.’